5,000 ಟಿಎಂಸಿ: ಒಂದೇ ಪ್ರಬಂಧವನ್ನು ಮೂರು ಸಲ ಬರೆದ ಕಥೆ

ಆ ತಪ್ಪು ಮೊದಲು ಕಣ್ಣಿಗೆ ಬಿದ್ದದ್ದು ನನಗಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ನನ್ನ ವಿದ್ಯಾರ್ಥಿನಿಯೊಬ್ಬಳು ಕಾವೇರಿ ನೀರಿನ ಬಗ್ಗೆ ಬರೆದ ಪ್ರಬಂಧದಲ್ಲಿ, ಮೂರನೇ ಪುಟದ ನಡುವೆ ಒಂದು ಸಾಲು ಇತ್ತು. "ಬರದಲ್ಲಿ ಬೇಯುತ್ತಿರುವ ನಮ್ಮಿಂದ ಹದಿನೈದೇ ದಿನದಲ್ಲಿ 5,000 ಟಿಎಂಸಿ ನೀರು ಕಿತ್ತುಕೊಳ್ಳುವುದು ಯಾವ ಸೀಮೆಯ ನ್ಯಾಯ?" ಅದರ ಪಕ್ಕ ನಾನು ಪೆನ್ಸಿಲ್‌ನಲ್ಲಿ ದೊಡ್ಡದಾಗಿ ಸರಿ ಗುರುತು ಹಾಕಿದ್ದೆ. ಕೆಆರ್‌ಎಸ್ ತುಂಬಿ ತುಳುಕಿದರೂ ಆ ಅಣೆಕಟ್ಟಿನಲ್ಲಿ ನಿಲ್ಲುವುದು 49.45 ಟಿಎಂಸಿ; ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. 5,000 ಟಿಎಂಸಿ ಅಂದರೆ ನೂರು ಕೆಆರ್‌ಎಸ್! ತಮಿಳುನಾಡಿಗೆ ನೀರು ಬಿಡಿ ಎಂಬ ಆದೇಶದಲ್ಲಿ ಇದ್ದದ್ದು 5,000 ಕ್ಯುಸೆಕ್, ಅಂದರೆ ಸೆಕೆಂಡಿಗೆ 5,000 ಘನ ಅಡಿ. 11,574 ಕ್ಯುಸೆಕ್ ನೀರು ಒಂದಿಡೀ ದಿನ ಹರಿದರೆ ಒಂದು ಟಿಎಂಸಿ. ಆ ಲೆಕ್ಕದಲ್ಲಿ ಹದಿನೈದು ದಿನಕ್ಕೆ ಹೋಗುವ ನೀರು ಆರೂವರೆ ಟಿಎಂಸಿ ಮಾತ್ರ.

ಬರೆದವಳು ಮಂಡ್ಯ ಜಿಲ್ಲೆಯ ರೈತರ ಮನೆಯ ಹುಡುಗಿ. ಕ್ಯುಸೆಕ್ ಯಾವುದು, ಟಿಎಂಸಿ ಯಾವುದು ಅಂತ ಅವಳಿಗೆ ಯಾರೂ ಪಾಠ ಹೇಳಬೇಕಿಲ್ಲ. ಅವರ ಊರಿನ ಟೀ ಅಂಗಡಿಯಲ್ಲಿ ಮಕ್ಕಳೂ ಆ ಮಾತು ಆಡುತ್ತಾರೆ. ನನಗೂ ಗೊತ್ತಿದ್ದ ವಿಷಯವೇ. ಇಬ್ಬರಿಗೂ ಕಾಣಲಿಲ್ಲ.

ಈ ಬರಹ ಆ ಕಾಣದಿರುವಿಕೆಯ ಬಗ್ಗೆ. ಹುಡುಗಿಯ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು ಬಿಟ್ಟಿದ್ದೇನೆ.

ಎಲ್ಲಿ, ಯಾವಾಗ

ನಾನು ಮೈಸೂರಿನಲ್ಲಿ ಕನ್ನಡ ಪಾಠ ಹೇಳುವವನು. ಶನಿವಾರ ಸಂಜೆ ಏಳೆಂಟು ಜನ ಬರುತ್ತಾರೆ. ಎಲ್ಲರೂ ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬೇಕು ಅಂತ ಹಟ ಹಿಡಿದವರು. ಅಲ್ಲಿ ಪ್ರಬಂಧಕ್ಕೇ ಒಂದು ಪತ್ರಿಕೆ ಇದೆ. ಮೂರು ಗಂಟೆ, ಎರಡು ಪ್ರಬಂಧ, ಒಂದೊಂದಕ್ಕೆ 125 ಅಂಕ. ಫೀಸು ಇಲ್ಲ. ಚಹಾ ಮಾತ್ರ ಸರದಿಯಲ್ಲಿ ಒಬ್ಬೊಬ್ಬರು ತರಬೇಕು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಒಂದು ಪ್ರಬಂಧವನ್ನು ಇಬ್ಬರು ಓದಿ ಅಂಕ ಹಾಕುತ್ತೇವೆ. ನಾನೊಬ್ಬ, ಅರ್ಥಶಾಸ್ತ್ರ ಹೇಳುವ ನನ್ನ ಸಹೋದ್ಯೋಗಿ ಮೇಡಂ ಇನ್ನೊಬ್ಬರು. ಅವರು ಎಷ್ಟು ಕೊಟ್ಟರು ಅಂತ ನನಗೆ ಗೊತ್ತಾಗಬಾರದು, ನಾನೆಷ್ಟು ಕೊಟ್ಟೆ ಅಂತ ಅವರಿಗೂ. ಸಾಮಾನ್ಯವಾಗಿ ಐದಾರು ಅಂಕ ಆಚೀಚೆ ಆಗುತ್ತದೆ, ಅಷ್ಟೇ.

2023ರ ಸೆಪ್ಟೆಂಬರ್. ಮುಂಗಾರು ಕೈಕೊಟ್ಟಿತ್ತು. ತಿಂಗಳ ನಡುವೆ ಸರ್ಕಾರ 195 ತಾಲ್ಲೂಕುಗಳಲ್ಲಿ ಬರ ಎಂದು ಘೋಷಿಸಿತು. ತುಂಬಿದಾಗ 124.80 ಅಡಿ ಇರಬೇಕಾದ ಕೆಆರ್‌ಎಸ್ ನೂರಡಿಗಿಂತ ಕೆಳಗೆ ಇಳಿದಿತ್ತು. ಅಂಥದ್ದರಲ್ಲಿ ತಮಿಳುನಾಡಿಗೆ 5,000 ಕ್ಯುಸೆಕ್ ಬಿಡಿ ಎಂದು ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಹೇಳಿತು. ಸೆಪ್ಟೆಂಬರ್ 21ರಂದು ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲು ಒಪ್ಪಲಿಲ್ಲ. 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್.

ನಾನು 23ನೇ ತಾರೀಖು, ಶನಿವಾರ, ಈ ವಿಷಯ ಕೊಟ್ಟೆ: "ಬರದ ವರ್ಷದಲ್ಲಿ ಕಾವೇರಿ ನೀರನ್ನು ಕೆಳಗೆ ಬಿಡಬೇಕೇ? ನಿಮ್ಮ ನಿಲುವನ್ನು ಒಪ್ಪದವರಿಗೆ ಒಪ್ಪಿಗೆಯಾಗುವಂತೆ ಬರೆಯಿರಿ." ಬಿಸಿ ಇರುವಾಗಲೇ ಬರೆಸಬೇಕು ಅನ್ನೋದು ನನ್ನ ಲೆಕ್ಕ. ಈಗ ಅನಿಸುತ್ತದೆ, ಅದು ಪಾಠಕ್ಕಿಂತ ಜಾಸ್ತಿ ತಮಾಷೆ ನೋಡುವ ಆಸೆಯಾಗಿತ್ತು.

ಮೊದಲ ಕರಡು

ಅವಳು ಬರೆದದ್ದು 26ರ ರಾತ್ರಿ. ಹಾಸ್ಟೆಲ್‌ನಲ್ಲಿ ಊಟ ಮುಗಿಸಿ ಮನೆಗೆ ಫೋನ್ ಮಾಡಿದ್ದಾಳೆ. ಅಪ್ಪ ಹೆಚ್ಚು ಮಾತಾಡುವವರಲ್ಲ. "ಒಟ್ಲು ಕೆಂಪಾಗ್ತಾ ಅದೆ ಮಗ. ಈ ಸಲ ನಾಟಿ ಇಲ್ಲ ಅಂದ್ಕೊ" ಅಂದರಂತೆ. ಒಟ್ಲು ಅಂದರೆ ನಾಟಿಗೆ ಮೊದಲು ಒತ್ತಾಗಿ ಬೆಳೆಸುವ ಭತ್ತದ ಸಸಿ ಮಡಿ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿ ಅವರ ಜಮೀನು. ಫೋನ್ ಇಟ್ಟು ಕೂತವಳು ಒಂದೂವರೆ ಗಂಟೆಯಲ್ಲಿ ಒಂಬತ್ತು ಪುಟ ಬರೆದಳು. ಒಂದು ಕಡೆಯೂ ಕಾಟು ಹಾಕಿಲ್ಲ. ಅದನ್ನು ನಾನು ಆಗ ಮೆಚ್ಚಿಕೊಂಡೆ. ಕಾಟು ಹಾಕದ ಒಂಬತ್ತು ಪುಟ ನೋಡಿದರೆ ಈಗ ನನಗೆ ಭಯವಾಗುತ್ತದೆ.

ಒಳ್ಳೆಯ ಗದ್ಯ. ಅದರಲ್ಲಿ ಅನುಮಾನವಿಲ್ಲ. ಓದುತ್ತಾ ನನ್ನ ಮೈ ಬಿಸಿಯಾಯಿತು. 125ಕ್ಕೆ 82 ಕೊಟ್ಟೆ. ನಾನು ಯಾರಿಗೂ 75 ದಾಟಿಸುವವನಲ್ಲ.

ಸಹೋದ್ಯೋಗಿ ಕೊಟ್ಟದ್ದು 46.

ಇಬ್ಬರೂ ಹಾಳೆ ಮುಂದಿಟ್ಟುಕೊಂಡು ಕೂತೆವು. ಅವರು ಮೂರನೇ ಪುಟ ತೆಗೆದು 5,000ದ ಮೇಲೆ ಬೆರಳಿಟ್ಟರು. ನಾನು ಹಾಕಿದ ಸರಿ ಗುರುತು ಅಲ್ಲೇ ಪಕ್ಕದಲ್ಲಿತ್ತು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಆಮೇಲೆ ಅವರೇ ಹೇಳಿದರು. ಅವರ ಮನೆಮಾತು ತಮಿಳು, ಬೆಳೆದದ್ದು ಬೆಂಗಳೂರಿನಲ್ಲಿ. 1991ರಲ್ಲಿ ಅವರಿಗೆ ಒಂಬತ್ತು ವರ್ಷ. ಆ ಜೂನ್‌ನಲ್ಲಿ ಕಾವೇರಿ ಜಲವಿವಾದ ನ್ಯಾಯಮಂಡಳಿ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಬಿಡಬೇಕು ಎಂದು ಮಧ್ಯಂತರ ಆದೇಶ ಕೊಟ್ಟಿತ್ತು. ಡಿಸೆಂಬರ್‌ನಲ್ಲಿ ಕೇಂದ್ರ ಅದನ್ನು ಗೆಜೆಟ್‌ನಲ್ಲಿ ಪ್ರಕಟಿಸಿದ ಕೂಡಲೇ ಬೆಂಗಳೂರಿನಲ್ಲಿ ಗಲಭೆ. "ನಮ್ಮಪ್ಪ ಗೋಡೆ ಮೇಲಿದ್ದ ತಮಿಳು ಕ್ಯಾಲೆಂಡರ್ ತೆಗೆದು ಮಂಚದ ಕೆಳಗೆ ಇಟ್ರು. ಗೋಡೆ ಮೇಲೆ ಚೌಕಾಕಾರದ ಬಿಳಿ ಗುರುತು ಉಳೀತು. ಬೀದೀಲಿ ಅಮ್ಮನ ಜೊತೆ ಮಾತಾಡಬೇಡ ಅಂತ ನನಗೆ ಹೇಳಿದ್ರು. ಸರ್, ನಾನೂ ಇದನ್ನ ಸಿಟ್ಟಲ್ಲೇ ಓದಿದ್ದು. ಅದಕ್ಕೇ ನನಗೆ ಈ 5,000 ಕಾಣ್ತು."

ಈ ಮಾತನ್ನು ನಾನು ಆಮೇಲೆ ಎಷ್ಟೋ ಸಲ ನೆನಪಿಸಿಕೊಂಡಿದ್ದೇನೆ. ಸಿಟ್ಟು ಕುರುಡು ಅಂತೀವಿ. ಪೂರ್ತಿ ಕುರುಡಲ್ಲ. ಎದುರಿನವರ ತಪ್ಪು ಹುಡುಕಲು ಅದಕ್ಕೆ ಹದ್ದಿನ ಕಣ್ಣು.

1979ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಮರಣದಂಡನೆ ಬೇಕು ಅನ್ನುವವರು, ಬೇಡ ಅನ್ನುವವರು, ಎರಡೂ ಗುಂಪಿಗೆ ಒಂದೇ ಜೋಡಿ ಅಧ್ಯಯನ ಓದಲು ಕೊಟ್ಟರು. ಒಂದು ಅಧ್ಯಯನ ಪರ, ಇನ್ನೊಂದು ವಿರೋಧ. ಇಬ್ಬರೂ ತಮಗೆ ಬೇಡವಾದ ಅಧ್ಯಯನದಲ್ಲಿ ಕೊಂಕು ಹುಡುಕಿದರು, ಬೇಕಾದದ್ದನ್ನು ಹಾಗೇ ನುಂಗಿದರು, ಓದಿ ಮುಗಿಸುವಾಗ ತಮ್ಮ ತಮ್ಮ ನಿಲುವಿನಲ್ಲಿ ಇನ್ನೂ ಗಟ್ಟಿಯಾದರು. ನಾನು ಇದನ್ನು ವರ್ಷಾನುಗಟ್ಟಲೆ ತರಗತಿಯಲ್ಲಿ ಹೇಳಿಕೊಂಡು ಬಂದವನು. 82 ಮತ್ತು 46ರ ನಡುವಿನ 36 ಅಂಕದಲ್ಲಿ ಅದೇ ಪ್ರಯೋಗ ನಮ್ಮ ಮೇಜಿನ ಮೇಲೆ ಬಿದ್ದಿತ್ತು.

ಹಾಳೆಯಲ್ಲಿ ಇಲ್ಲದ್ದು

ಆಮೇಲೆ ನಾವಿಬ್ಬರೂ ಆ ಒಂಬತ್ತು ಪುಟವನ್ನು ಸಾಲು ಸಾಲಾಗಿ ಬಿಡಿಸಿದೆವು.

ಪ್ರಶ್ನಾರ್ಥಕ ಚಿಹ್ನೆ 31. ಅದರಲ್ಲಿ ಉತ್ತರ ಬೇಕಾಗಿದ್ದ ಪ್ರಶ್ನೆ ಒಂದೂ ಇಲ್ಲ. "ಇದು ನ್ಯಾಯವೇ?", "ನಾವೇನು ಮನುಷ್ಯರಲ್ಲವೇ?" ಈ ಥರದವು. "ಬಹುಶಃ", "ಒಂದು ವೇಳೆ", "ಸಾಧ್ಯ" ಎಂಬ ಮಾತು ಇಡೀ ಪ್ರಬಂಧದಲ್ಲಿ ಒಂದು ಸಲವೂ ಇಲ್ಲ. ಲರ್ನರ್ ಮತ್ತು ಕೆಲ್ಟ್ನರ್ ಎಂಬ ಸಂಶೋಧಕರು 2001ರಲ್ಲಿ ತೋರಿಸಿದ್ದು ನೆನಪಾಯಿತು. ಸಿಟ್ಟು, ಭಯ ಎರಡೂ ಕೆಟ್ಟ ಭಾವಗಳೇ ಆದರೂ ಕೆಲಸ ಉಲ್ಟಾ ಮಾಡುತ್ತವೆ. ಭಯಗೊಂಡವರಿಗೆ ಎಲ್ಲದರಲ್ಲೂ ಅಪಾಯ ಕಾಣುತ್ತದೆ. ಸಿಟ್ಟಾದವರಿಗೆ ಎಲ್ಲವೂ ಖಚಿತ ಅನ್ನಿಸುತ್ತದೆ, ಅಪಾಯ ಸಣ್ಣದಾಗಿ ಕಾಣುತ್ತದೆ. ಖಚಿತ ಅನ್ನಿಸಿದ ಮೇಲೆ ಪುಸ್ತಕ ತೆಗೆದು ನೋಡುವವರು ಯಾರು? ಕ್ಯುಸೆಕ್ ಟಿಎಂಸಿ ಆಗಿದ್ದು ಹೀಗೆ. ಅಜ್ಞಾನ ಅದಕ್ಕೆ ಕಾರಣವಲ್ಲ.

ಇದು ನಾವು ನಿರೀಕ್ಷಿಸಿದ್ದೇ. ನಿರೀಕ್ಷಿಸದೇ ಇದ್ದದ್ದು ಇನ್ನೊಂದು.

ಕಾವೇರಿ ಬಗ್ಗೆ ಬರೆಯುವ ಯಾವ ಕನ್ನಡಿಗನಿಗೂ 2018ರ ಫೆಬ್ರವರಿ 16ರ ತೀರ್ಪು ಕೈಗೆ ಸಿಗುವ ಮೊದಲ ಆಯುಧ. 2007ರ ಅಂತಿಮ ತೀರ್ಪಿನಲ್ಲಿ ನ್ಯಾಯಮಂಡಳಿ ತಮಿಳುನಾಡು ಗಡಿಯ ಬಿಳಿಗುಂಡ್ಲುವಿನಲ್ಲಿ 192 ಟಿಎಂಸಿ ಬಿಡಬೇಕು ಎಂದಿತ್ತು. ಸುಪ್ರೀಂ ಕೋರ್ಟ್ ಅದನ್ನು 177.25ಕ್ಕೆ ಇಳಿಸಿತು. ಅಂದರೆ ಕರ್ನಾಟಕಕ್ಕೆ 14.75 ಟಿಎಂಸಿ ಜಾಸ್ತಿ ಸಿಕ್ಕಿತು. ತಮಿಳುನಾಡಿನ ಅಂತರ್ಜಲವನ್ನು ಲೆಕ್ಕಕ್ಕೆ ಹಿಡಿದದ್ದರಿಂದ 10, ಬೆಂಗಳೂರಿನ ಕುಡಿಯುವ ನೀರಿಗೆ 4.75. ನಮ್ಮ ಕಡೆಯವರು ಇಷ್ಟು ವರ್ಷ ಹೇಳುತ್ತಾ ಬಂದದ್ದನ್ನು ದೇಶದ ದೊಡ್ಡ ನ್ಯಾಯಾಲಯವೇ ಒಂದಷ್ಟು ಒಪ್ಪಿದ ಹಾಗೆ.

ಅವಳ ಒಂಬತ್ತು ಪುಟದಲ್ಲಿ 14.75 ಎಲ್ಲೂ ಇರಲಿಲ್ಲ.

ಮೈಸೂರು, ಮದ್ರಾಸ್ ನಡುವಿನ 1892ರ ಒಪ್ಪಂದ ಇತ್ತು. 1924ರದ್ದು ಇತ್ತು. 1991 ಇತ್ತು, 2007 ಇತ್ತು, 2016ರಲ್ಲಿ ಬಸ್ಸು ಸುಟ್ಟ ಸೆಪ್ಟೆಂಬರ್ ಕೂಡ ಇತ್ತು. ಅಲ್ಲಿಂದ ನೇರ 2023ಕ್ಕೆ ನೆಗೆದಿದ್ದಳು. ಶನಿವಾರ ಕೇಳಿದೆ, "ಏನಮ್ಮ, 2018 ಮರೆತುಹೋಯ್ತಾ?" ಅವಳು ಹಾಳೆ ನೋಡಿದಳು, ಮತ್ತೆ ನೋಡಿದಳು. "ಇಲ್ಲ ಸರ್, ಗೊತ್ತಿತ್ತು. ಅದು... ಅಲ್ಲಿ ಕೂರ್ತಿರಲಿಲ್ಲ."

ಕೂರುತ್ತಿರಲಿಲ್ಲ! ಎಷ್ಟು ಸರಿಯಾದ ಮಾತು. ಸಿಟ್ಟು ಮೊದಲೇ ಒಂದು ಕಥೆ ಕಟ್ಟಿಕೊಂಡಿತ್ತು: ನಮಗೆ ಯಾವಾಗಲೂ ಅನ್ಯಾಯವೇ ಆಗಿದೆ. ಆ ಕಥೆಯಲ್ಲಿ ಒಂದು ಸಲ ಗೆದ್ದದ್ದಕ್ಕೆ ಜಾಗ ಇಲ್ಲ. ಎದುರಿನವರ ಸಾಕ್ಷ್ಯವನ್ನು ಸಿಟ್ಟು ಬಚ್ಚಿಡುತ್ತದೆ ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಕಥೆಗೆ ಹೊಂದದಿದ್ದರೆ ನಮ್ಮ ಪರವಾದ ಸಾಕ್ಷ್ಯವನ್ನೂ ಅದು ಹೊರಗೆ ತಳ್ಳುತ್ತದೆ. ಹತ್ತಾರು ವರ್ಷ ಪ್ರಬಂಧ ತಿದ್ದಿದರೂ ಇದು ನನಗೆ ಹೊಳೆದಿರಲಿಲ್ಲ.

ಇನ್ನೊಂದು ವಿಷಯ, ಈ ಪ್ರಬಂಧ ಯಾರಿಗೆ ಬರೆದದ್ದು? ಒಪ್ಪದವರನ್ನು ಒಪ್ಪಿಸಿ ಅಂತ ನಾನು ಕೇಳಿದ್ದೆ. ಅವಳ "ನಾವು" ಮಂಡ್ಯ, ಮೈಸೂರು, ಚಾಮರಾಜನಗರ. "ಅವರು" ಗಡಿ ಆಚೆಯವರು. "ನೀವು" ಅನ್ನೋದು ಒಂದೇ ಕಡೆ ಬರುತ್ತದೆ, ಅದೂ ಬೈಯಲಿಕ್ಕೆ. ಹೀಗೆ ಮಾಡುವವರು ಅವಳೊಬ್ಬಳೇ ಅಲ್ಲ ಅನ್ನುವುದಕ್ಕೆ 2015ರ ಫೈನ್‌ಬರ್ಗ್ ಮತ್ತು ವಿಲ್ಲರ್ ಅಧ್ಯಯನ ಇದೆ. ಅಮೆರಿಕದ ಉದಾರವಾದಿಗಳಿಗೆ ಸಂಪ್ರದಾಯವಾದಿಗಳನ್ನು ಒಪ್ಪಿಸುವ ಹಾಗೆ, ಇವರಿಗೆ ಅವರನ್ನು ಒಪ್ಪಿಸುವ ಹಾಗೆ ಸಣ್ಣ ಬರಹ ಬರೆಯಲು ಹೇಳಿದ್ದರು. ಎದುರಿನವರು ಯಾವುದಕ್ಕೆ ಬೆಲೆ ಕೊಡುತ್ತಾರೋ ಅದನ್ನು ಹಿಡಿದು ಬರೆದವರು ಎರಡೂ ಕಡೆ ಹತ್ತರಲ್ಲಿ ಒಬ್ಬರೂ ಸಿಗಲಿಲ್ಲ. ಉಳಿದವರಲ್ಲಿ ಬಹಳ ಜನ ತಮಗೆ ತಾವೇ ಭಾಷಣ ಮಾಡಿಕೊಂಡಿದ್ದರು.

ನಾನು ಮಾಡಿದ ಎಡವಟ್ಟು

ಇಲ್ಲಿ ನಾನು ಒಂದು ಹಳೇ ಮದ್ದು ಕೊಟ್ಟೆ. "ಮೊದಲು ಮನಸ್ಸಲ್ಲಿರೋದನ್ನೆಲ್ಲ ಒಂದು ಹಾಳೆ ಮೇಲೆ ಕಕ್ಕಿಬಿಡು. ಯಾರಿಗೂ ತೋರಿಸಬೇಡ. ಆಮೇಲೆ ತಣ್ಣಗಾಗಿ ಬರಿ." ಬೈಗುಳದ ಹಾಳೆ ಅಂತ ನಾವು ಅದಕ್ಕೆ ಹೆಸರಿಟ್ಟಿದ್ದೆವು. ಒಳಗಿನ ಆವಿ ಹೊರಗೆ ಬಿಟ್ಟರೆ ಕುಕ್ಕರ್ ತಣ್ಣಗಾಗುತ್ತದೆ ಅನ್ನೋ ನಂಬಿಕೆ.

ಮರುದಿನ ನಾಲ್ಕು ಹಾಳೆ ತುಂಬಿಸಿ ಬಂದಳು. ತಣ್ಣಗಾಗಿರಲಿಲ್ಲ. ಮೊದಲಿಗಿಂತ ಬಿಸಿಯಾಗಿದ್ದಳು. ಮಾತು ಮಾತಿಗೆ ಸಹೋದ್ಯೋಗಿಯ ಕಡೆ ಒಂದು ಥರಾ ನೋಡುತ್ತಿದ್ದಳು. ಮೇಡಂ ಏನೂ ಆಗದವರ ಹಾಗೆ ಕಿಟಕಿ ಕಡೆ ತಿರುಗಿ ಕೂತರು.

ಬುಶ್‌ಮನ್ ಎಂಬ ಸಂಶೋಧಕ ಇದನ್ನು 2002ರಲ್ಲೇ ಪರೀಕ್ಷೆ ಮಾಡಿದ್ದ. ಸಿಟ್ಟು ಬರಿಸಿ, ಸಿಟ್ಟು ಬರಿಸಿದವನನ್ನು ನೆನೆಯುತ್ತಾ ಚೀಲಕ್ಕೆ ಗುದ್ದಲು ಕೆಲವರಿಗೆ ಹೇಳಿದ. ಅವರ ಸಿಟ್ಟು ಏರಿತು. ಎರಡು ನಿಮಿಷ ಸುಮ್ನೆ ಕೂತಿದ್ದವರೇ ಎಲ್ಲರಿಗಿಂತ ಮೆತ್ತಗಿದ್ದರು. ಬೈಗುಳದ ಹಾಳೆ ಅಂದರೆ ಪೆನ್ನಿನಲ್ಲಿ ಚೀಲ ಗುದ್ದಿದ ಹಾಗೇ ತಾನೇ? ಓದಿಯೂ ನಾನು ಅದನ್ನು ಕೊಟ್ಟಿದ್ದೆ. ಈಗ ಬಿಟ್ಟಿದ್ದೇನೆ. ಸಿಟ್ಟಿನ ವಿಷಯ ಬರೆಯಬೇಕಾದಾಗ ಮೊದಲು ಹೊರಗೆ ಹೋಗಿ ಚಹಾ ಕುಡಿದು ಬನ್ನಿ ಅಂತೇನೆ. ಚಹಾ ಅಂಗಡಿಯಲ್ಲಿ ಆ ವಿಷಯ ಮಾತ್ರ ಎತ್ತಬಾರದು.

ಎರಡನೇ ಕರಡು

ಮುಂದಿನ ವಾರ ಬಂದದ್ದು ಸರ್ಕಾರಿ ಸುತ್ತೋಲೆ. ಬೇರೆ ಹೆಸರು ಅದಕ್ಕಿಲ್ಲ.

"ಈ ವಿಷಯದಲ್ಲಿ ಉಭಯ ರಾಜ್ಯಗಳ ಹಿತಾಸಕ್ತಿಗಳನ್ನು ಸಮತೋಲನದಿಂದ ಪರಿಗಣಿಸಬೇಕಾದ ಅಗತ್ಯವಿದೆ ಎಂದು ಹೇಳಬಹುದಾಗಿದೆ." ಹೇಳಬಹುದಾಗಿದೆ! ಯಾರು ಹೇಳುವುದು? ಅಂಕಿ ಎಲ್ಲ ಸರಿ ಇತ್ತು. 14.75 ಬಂದಿತ್ತು, ಕ್ಯುಸೆಕ್ ಕ್ಯುಸೆಕ್ಕಾಗಿಯೇ ಇತ್ತು. ಪ್ರಶ್ನೆ ಚಿಹ್ನೆ ಎರಡು. ಅಪ್ಪ ಇಲ್ಲ, ಒಟ್ಲು ಇಲ್ಲ, ನಾಲೆ ಇಲ್ಲ. ಕೊನೆಗೆ ಅವಳ ನಿಲುವೂ ಇಲ್ಲ. ನೀರು ಬಿಡಬೇಕೋ ಬೇಡವೋ ಅಂತ ಎರಡು ಸಲ ಓದಿದರೂ ತಿಳಿಯಲಿಲ್ಲ.

ನಾನು 58 ಕೊಟ್ಟೆ, ಮೇಡಂ 55. ಆಶ್ಚರ್ಯ ನೋಡಿ, ಈ ಸಲ ನಮ್ಮಿಬ್ಬರದೂ ಹೊಂದಿಕೆಯಾಯಿತು. ಇಬ್ಬರಿಗೂ ಏನೂ ಅನ್ನಿಸಲಿಲ್ಲ, ಅದಕ್ಕೆ.

ಭಾವ ತೆಗೆದದ್ದಕ್ಕೆ ಹೀಗಾಯಿತು ಅಂತ ಮೊದಲು ಅಂದುಕೊಂಡೆ. ಮೇಡಂ ಒಪ್ಪಲಿಲ್ಲ. "ಭಾವ ತೆಗೆದಿಲ್ಲ ಸರ್. ಬೇರೆ ಭಾವ ಹಾಕಿದ್ದಾಳೆ. ಇದು ಪೂರ್ತಿ ಭಯ." ಅವರು ಹೇಳಿದ್ದು ಸರಿ. 46 ಅನ್ನೋ ಅಂಕ, 5,000ದ ಅವಮಾನ, ನಾನು ಕೆಂಪು ಪೆನ್ನಿನಲ್ಲಿ ಸುತ್ತಿದ ಮೂವತ್ತೊಂದು ಚಿಹ್ನೆ. ಇದೆಲ್ಲ ಸೇರಿ ಅವಳು ಹೆದರಿದ್ದಳು. ಹೆದರಿದವರು ಎಲ್ಲಿಯೂ ಕಾಲೂರುವುದಿಲ್ಲ. "ಎನ್ನಲಾಗಿದೆ", "ಪರಿಗಣಿಸಬಹುದು" ಅಂತ ಗೋಡೆ ಹಿಡಿದುಕೊಂಡು ನಡೆಯುತ್ತಾರೆ. ಪರೀಕ್ಷೆಗೆ ಬರೆಯುವ ಕನ್ನಡದಲ್ಲಿ ಇದು ಎಷ್ಟು ಕಾಣುತ್ತದೆ ಅಂದರೆ, ಬಹಳ ಜನ ಇದೇ ಪ್ರಬಂಧದ ಭಾಷೆ ಅಂದುಕೊಂಡಿದ್ದಾರೆ.

ಮೇಷ್ಟ್ರುಗಳು ಸಾಮಾನ್ಯವಾಗಿ "ಭಾವುಕರಾಗಬೇಡಿ" ಅಂತಾರೆ. ನಾನೂ ಹೇಳಿದ್ದೇನೆ. ಒಪ್ಪಿಸಬೇಕು ಅಂತ ಕೂತ ತಕ್ಷಣ ಮಾತಿನಲ್ಲಿ ಭಾವ ತಾನಾಗಿ ಏರುತ್ತದೆ. ಎದುರಿನವರು ಅದಕ್ಕೆ ಒಲಿಯದ, ಲೆಕ್ಕಾಚಾರದ ಜನ ಅಂತ ಗೊತ್ತಿದ್ದರೂ ಏರುತ್ತದೆ. 2018ರಲ್ಲಿ ರಾಕ್ಲೇಜ್ ಮತ್ತು ಸಂಗಡಿಗರು ಬರೆಯುವವರ ಪದಗಳನ್ನೇ ಅಳೆದು ಇದನ್ನು ತೋರಿಸಿದರು. ಅಂದಮೇಲೆ "ಭಾವುಕರಾಗಬೇಡಿ" ಅನ್ನುವುದು, ಬೆವರಬೇಡಿ ಅಂದ ಹಾಗೆ. ಏನು ಮಾಡಬೇಕು ಅಂತ ಹೇಳಬೇಕಲ್ವಾ?

ನನಗೆ ಕೊನೆಗೆ ಸಹಾಯಕ್ಕೆ ಬಂದದ್ದು ನಾನು ಹಗಲು ಹೊತ್ತು ಪಾಠ ಮಾಡುವ ಕಾವ್ಯಮೀಮಾಂಸೆ. ಅಲ್ಲಿ ರಸದೋಷಗಳ ಪಟ್ಟಿಯಲ್ಲಿ ಒಂದು ಇದೆ: ಭಾವದ ಹೆಸರನ್ನೇ ಹೇಳಿಬಿಡುವುದು. "ಅವನಿಗೆ ಶೋಕವಾಯಿತು" ಅಂತ ಬರೆದರೆ ಓದುವವನಿಗೆ ಶೋಕ ಹುಟ್ಟುವುದಿಲ್ಲ. ಶೋಕಕ್ಕೆ ಕಾರಣವಾದದ್ದನ್ನು ಕಣ್ಣ ಮುಂದೆ ಇಡಬೇಕು. ಉಳಿದದ್ದು ಓದುವವನ ಕೆಲಸ. "ಅನ್ಯಾಯ" ಅನ್ನುವ ಪದ ಅವಳ ಮೊದಲ ಕರಡಿನಲ್ಲಿ ಹದಿನೇಳು ಸಲ ಇತ್ತು. ಒಟ್ಲು ಒಂದು ಸಲ, ಅದೂ ಅರ್ಧ ವಾಕ್ಯದಲ್ಲಿ.

"ಅನ್ಯಾಯ ಅನ್ನೋ ಪದ ಬಳಸಬೇಡ. ಒಟ್ಲಿಗೆ ಏನಾಯ್ತು, ಅದನ್ನ ಬರಿ" ಅಂದೆ. ಅಷ್ಟೇ ಹೇಳಿದ್ದು.

ಕಡೈಮಡೈ

ಆ ವಾರ ಅವಳು ಊರಿಗೆ ಹೋಗಿ ಬಂದಳು. ಮೂರನೇ ಕರಡು ಹೀಗೆ ಶುರುವಾಗುತ್ತದೆ:

"ನಮ್ಮ ಗದ್ದೆಯ ಮೂಲೆಯಲ್ಲಿ ಐದು ಗುಂಟೆ ಒಟ್ಲು ಇತ್ತು. ಇಪ್ಪತ್ತೈದನೇ ದಿನಕ್ಕೆ ಕಿತ್ತು ನಾಟಿ ಮಾಡಬೇಕಿತ್ತು. ನಲವತ್ತನೇ ದಿನ ಅಪ್ಪ ಅದನ್ನು ಕುಡುಗೋಲಿನಿಂದ ಕೊಯ್ದು ಹಸುವಿಗೆ ಹಾಕಿದರು. ಹಸು ತಿಂದಿತು. ಅಪ್ಪ ಕೈ ತೊಳೆದುಕೊಳ್ಳಲು ಬೋರ್‌ವೆಲ್ ಹತ್ತಿರ ಹೋಗಿ, ನೀರು ಬರುವುದಿಲ್ಲ ಅಂತ ನೆನಪಾಗಿ, ಕೈಯನ್ನು ಪಂಚೆಗೆ ಒರೆಸಿಕೊಂಡರು."

ಅನ್ಯಾಯ ಅನ್ನೋ ಮಾತಿಲ್ಲ. ಮೇಡಂ ಇದನ್ನು ಓದಿ ಹಾಳೆ ಕೆಳಗಿಟ್ಟರು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎತ್ತಿಕೊಂಡರು.

ಊರಿಗೆ ಹೋದಾಗ ಇನ್ನೊಂದು ಸಂಗತಿ ನಡೆದಿತ್ತು. ನಾಲೆ ಏರಿ ಮೇಲೆ ನಡೆಯುತ್ತಾ ಅಪ್ಪನನ್ನು ಕೇಳಿದ್ದಾಳೆ, ನಮ್ಮ ತೂಬಿಗೆ ಸರಿಯಾಗಿ ನೀರು ಬಂದ ವರ್ಷ ಯಾವುದು ಅಂತ. ಅಪ್ಪ ಬಹಳ ಹೊತ್ತು ಯೋಚನೆ ಮಾಡಿದರಂತೆ. ಡ್ಯಾಮು ತುಂಬಿದ ವರ್ಷವೂ ನಾಲೆಯ ಮೇಲಿನವರು ಕಬ್ಬಿಗೂ ಭತ್ತಕ್ಕೂ ಹಾಯಿಸಿಕೊಂಡು ಉಳಿದದ್ದು ಇವರಿಗೆ. ಕಟ್ಟು ಪದ್ಧತಿಯಲ್ಲಿ ಸರದಿ ಪ್ರಕಾರ ಬಿಡುತ್ತೇವೆ ಅಂದರೂ ಸರದಿ ಕೊನೆಗೆ ಬರುವಷ್ಟರಲ್ಲಿ ನಾಲೆಯಲ್ಲಿ ಕೆಸರು. ಅಂದರೆ ಒಟ್ಲು ಒಣಗಿದ್ದಕ್ಕೆ ಬರ ಒಂದು ಕಾರಣ, ಕೆಳಗೆ ಬಿಟ್ಟ ನೀರು ಒಂದು ಕಾರಣ, ಪಕ್ಕದೂರಿನವರು ಇನ್ನೊಂದು ಕಾರಣ. ಮೂರನೆಯದನ್ನು ಬರೆಯಲೋ ಬೇಡವೋ ಅಂತ ಅವಳಿಗೆ ನಿದ್ದೆ ಬರಲಿಲ್ಲವಂತೆ. "ಬರೆದ್ರೆ ನಮ್ಮವರಿಗೆ ದ್ರೋಹ ಮಾಡಿದ ಹಾಗೆ ಅನ್ನಿಸ್ತು ಸರ್." ಸಿಟ್ಟಿಗಿಂತ ಗಟ್ಟಿಯಾದ ಭಾವ ಇದು. ವಿವಾದದ ವಿಷಯ ಬರೆಯುವವರನ್ನು ಹಿಡಿದು ನಿಲ್ಲಿಸುವುದು ಬಹಳ ಸಲ ಇದೇ, ಎದುರಾಳಿ ಮೇಲಿನ ಸಿಟ್ಟಲ್ಲ.

ಮೇಡಂಗೆ ಇದನ್ನು ಹೇಳುತ್ತಾ "ಕೊನೆ ಭಾಗದವರು" ಅಂದಳು. ಮೇಡಂ ಥಟ್ಟನೆ, "ಕಡೈಮಡೈ" ಅಂದರು. ಅವರ ಅಜ್ಜನ ಊರು ನಾಗಪಟ್ಟಣದ ಕಡೆ. ಅಲ್ಲಿ ಕಾಲುವೆಯ ತುದಿಯಲ್ಲಿ ಇರುವವರಿಗೆ ಹೇಳುವ ಮಾತು ಅದು. ಕಡೈ ಅಂದರೆ ನಮ್ಮ ಕಡೆ, ಕೊನೆ. ಮಡೈ ಅಂದರೆ ತೂಬು. 2023ರ ಜೂನ್ 12ರಂದು ತಮಿಳುನಾಡಿನ ಮೆಟ್ಟೂರು ಅಣೆಕಟ್ಟಿನ ಗೇಟು ತೆರೆದಾಗ ನಂಬಿ ಕುರುವೈ ಎಂಬ ಅಲ್ಪಾವಧಿ ಭತ್ತ ಹಾಕಿದವರು ಅವರು. ನೀರು ತುದಿಗೆ ಬರದೆ ಅವರ ಪೈರೂ ಒಣಗಿತ್ತು.

ಮೂರನೇ ಕರಡಿನ ಬೆನ್ನೆಲುಬು ಈ ಒಂದು ಪದ. "ನನ್ನ ಅಪ್ಪನೂ ಕಡೈಮಡೈ. ಅವರಿಗೆ ತಮಿಳು ಬರುವುದಿಲ್ಲ, ಆದರೆ ಈ ಪದ ಹೇಳಿದರೆ ಅರ್ಥವಾಗುತ್ತದೆ" ಅಂತ ಬರೆದಿದ್ದಳು. ಅಲ್ಲಿಂದ ಅವಳ "ನೀವು" ಬದಲಾಯಿತು. ಆ ಪ್ರಬಂಧ ನಾಗಪಟ್ಟಣದ ಒಬ್ಬ ರೈತನ ಜೊತೆ ಆಡಿದ ಮಾತಾಯಿತು.

ನಿಲುವು ಬದಲಾಗಲಿಲ್ಲ ಅನ್ನುವುದನ್ನು ಒತ್ತಿ ಹೇಳಬೇಕು. ಬರದ ಸೆಪ್ಟೆಂಬರ್‌ನಲ್ಲಿ ನೀರು ಹಿಡಿದಿಡಬೇಕು ಅಂತಲೇ ಅವಳು ವಾದಿಸಿದಳು. ಆದರೆ ವಾದ ಬಲವಾಯಿತು. ಬರದ ವರ್ಷ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಇಳಿಯಬೇಕು ಎಂದು ನ್ಯಾಯಮಂಡಳಿ ಹೇಳಿದೆ. ಅದನ್ನು ಆಗಸ್ಟ್, ಸೆಪ್ಟೆಂಬರ್ ಅಂತ ತಿಂಗಳ ಲೆಕ್ಕಕ್ಕೆ ಇಳಿಸುವುದು ಹೇಗೆ ಅನ್ನೋದರಲ್ಲೇ ಪ್ರತಿ ಬರದಲ್ಲೂ ಜಗಳ. ನಿಮಗೆ ಅಕ್ಟೋಬರ್‌ನಿಂದ ಹಿಂಗಾರು ಮಳೆಯ ಆಸೆ ಇದೆ, ನಮ್ಮ ಅಣೆಕಟ್ಟುಗಳಿಗೆ ಮುಂಗಾರು ಹೋದರೆ ಹೋಯಿತು. ಆದ್ದರಿಂದ ಇಳಿಕೆಯ ಲೆಕ್ಕವನ್ನು ಮೊದಲೇ ಬರೆದಿಡೋಣ, ನಿಮಗೂ ಜೂನ್‌ನಲ್ಲೇ ಗೊತ್ತಾದರೆ ಕುರುವೈ ಹಾಕಿ ಕೆಡುವುದು ತಪ್ಪುತ್ತದೆ. ಹೀಗೆ ಹೋಗುತ್ತದೆ ಅವಳ ವಾದ. 2003ರಲ್ಲಿ ಎರಡೂ ರಾಜ್ಯದ ರೈತರು "ಕಾವೇರಿ ಕುಟುಂಬ" ಅಂತ ಸೇರಿ ಒಬ್ಬರ ಗದ್ದೆ ಒಬ್ಬರು ನೋಡಿ ಬಂದದ್ದನ್ನೂ ಹುಡುಕಿ ತಂದು ಹಾಕಿದ್ದಳು. ಮೊದಲ ಕರಡು ಬರೆಯುವಾಗ ಇದು ಕಣ್ಣಿಗೆ ಬಿದ್ದಿದ್ದರೂ ಕೂರುತ್ತಿರಲಿಲ್ಲ.

ಈ ಹಾಳೆಗಳಲ್ಲಿ ಕಾಟು ತುಂಬಾ ಇತ್ತು. ಒಂದು ವಾಕ್ಯವನ್ನು ನಾಲ್ಕು ಸಲ ಹೊಡೆದು ಬರೆದಿದ್ದಳು.

ಆರನೇ ಪುಟದಲ್ಲಿ ಮಾತ್ರ ಹಳೇ ಬೆಂಕಿ ಒಂದು ಸಲ ಎದ್ದಿತ್ತು. ದೆಹಲಿಯಲ್ಲಿ ಕೂತು ಬರದ ಲೆಕ್ಕ ಹಾಕುವವರ ಬಗ್ಗೆ ಐದು ಸಾಲು. ಚುಚ್ಚುವ ಸಾಲುಗಳು. ತೆಗೆಸೋಣ ಅಂತ ಮೇಡಂ, ಇರಲಿ ಅಂತ ನಾನು. ಅರ್ಧ ಗಂಟೆ ವಾದ ಮಾಡಿದೆವು. ಕೊನೆಗೆ ಹುಡುಗಿಯೇ "ಇರಲಿ ಮೇಡಂ, ಅಷ್ಟಾದ್ರೂ ಇರಲಿ" ಅಂದಳು. ಇದೆ.

ಮೇಡಂ 74 ಕೊಟ್ಟರು. ಕೆಳಗೆ ಬರೆದರು: "ಒಪ್ಪುವುದಿಲ್ಲ. ಆದರೆ ಇವಳ ಜೊತೆ ಕೂತು ಮಾತಾಡಬಹುದು." ನಾನು 76 ಕೊಟ್ಟೆ. ಮೊದಲ ಕರಡಿಗೆ ಕೊಟ್ಟದ್ದಕ್ಕಿಂತ ಆರು ಕಡಿಮೆ! ನಿಜ ಹೇಳುತ್ತೇನೆ, ಮೊದಲನೆಯದನ್ನು ಓದಿದಾಗಿನ ರೋಮಾಂಚನ ಇದರಲ್ಲಿ ಸಿಗಲಿಲ್ಲ. ನನ್ನ ಸಿಟ್ಟಿಗೆ ಅವಳು ಬಾಯಿ ಕೊಟ್ಟಿದ್ದಳು, ಈಗ ಅದನ್ನು ವಾಪಸ್ ತೆಗೆದುಕೊಂಡಿದ್ದಳು. ಆ 82ನ್ನು ನನ್ನ ಪುಸ್ತಕದಲ್ಲಿ ಹಾಗೇ ಬಿಟ್ಟಿದ್ದೇನೆ, ಹೊಡೆದು ಹಾಕಿಲ್ಲ.

2024ರ ಜುಲೈ ಕೊನೆಗೆ ಕೆಆರ್‌ಎಸ್ ತುಂಬಿತು. ನದಿ ದಡದವರಿಗೆ ಪ್ರವಾಹದ ಎಚ್ಚರಿಕೆ ಕೊಟ್ಟರು. ನನಗೊಂದು ಯೋಚನೆ ಬಂತು. ಈಗ ಯಾರಿಗೂ ಸಿಟ್ಟಿಲ್ಲ, ಇಳಿಕೆಯ ಲೆಕ್ಕ ಮಾತಾಡಲು ಇದೇ ಒಳ್ಳೆಯ ಹೊತ್ತು. ಹುಡುಗಿಗೆ ಮೆಸೇಜ್ ಮಾಡಿದೆ, ಅದೇ ವಿಷಯ ಇನ್ನೊಂದು ಸಲ ಬರಿ, ತಣ್ಣಗಿರುವಾಗ ಹೇಗೆ ಬರುತ್ತೆ ನೋಡೋಣ ಅಂತ. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಬಂತು.

"ಕೂತೆ ಸರ್. ಒಂದು ಪುಟವೂ ಆಗಲಿಲ್ಲ. ಅಪ್ಪ ನಾಟಿಗೆ ಕರೀತಾ ಇದ್ದಾರೆ."